ಉಪ್ಪುಗಾಳಿ ತಿಂದ ಲ್ಯಾಪ್‌ಟಾಪ್: ಮೊದಲು ಒರೆಸಿ, ಆಮೇಲೆ ಬಿಡಿಭಾಗ ತನ್ನಿ

ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. 61 ದಿನ ಮೀನುಗಾರಿಕೆಗೆ ರಜೆ. ಬಂದರಿನ ತುಂಬ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ಬಲೆಯವರು ಹರಿದ ಬಲೆ ಹೆಣೆಯುತ್ತಾರೆ. ನಾನು ಬೋಟುಗಳ ಜಿಪಿಎಸ್, ಫಿಶ್ ಫೈಂಡರ್, ವೈರ್‌ಲೆಸ್ ಸೆಟ್ ಬಿಚ್ಚಿಕೊಂಡು ಕೂರುತ್ತೇನೆ. ಅದೇ ನನ್ನ ಕೆಲಸ, 19 ವರ್ಷ ಆಯ್ತು. ನೆಂಟರು, ನೆರೆಯವರು ಹಳೆಯ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುವುದೂ ಈ ಎರಡು ತಿಂಗಳಲ್ಲೇ ಜಾಸ್ತಿ.

ಈ ಸಲ ಬಂದವಳು ಅಕ್ಕನ ಮಗಳು. ಬಿಸಿಎ ಎರಡನೇ ವರ್ಷ. ಅವಳ ಕೈಯಲ್ಲಿದ್ದದ್ದು ಡೆಲ್ ಲ್ಯಾಟಿಟ್ಯೂಡ್ ಇ6430, 2012ರ ಮಾಡೆಲ್. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಒಬ್ಬ ಹುಡುಗನಿಂದ ಟೈಗರ್ ಸರ್ಕಲ್ ಹತ್ತಿರ 6,000 ರೂಪಾಯಿಗೆ ತಗೊಂಡಿದ್ದಳು.

"ಮಾವ, ಆನ್ ಆಗ್ಲಿಕ್ಕೆ ನಾಲ್ಕೈದು ನಿಮಿಷ ಬೇಕು. ಮಳೆ ಶುರುವಾದ ಮೇಲೆ ಕೆಲವು ದಿನ ಆನೇ ಆಗುವುದಿಲ್ಲ, ಸ್ಕ್ರೀನ್ ಕಪ್ಪು. ಅಂಗಡಿಯಲ್ಲಿ ಮದರ್‌ಬೋರ್ಡ್ ಹೋಗಿದೆ ಅಂದ್ರು. ಹೊಸದು ತಗೊಳ್ಳುವುದಾ?"

"ಈಗಲೇ ದುಡ್ಡು ಹಾಕಬೇಡ. ಬಿಟ್ಟು ಹೋಗು, ನೋಡುವ" ಅಂದೆ.

ಇಲ್ಲಿ ಬರೆದದ್ದೆಲ್ಲ ಆ ಒಂದು ಲ್ಯಾಪ್‌ಟಾಪ್ ಮೇಲೆ ನಾನು ಮಾಡಿದ ಕೆಲಸ. ನಿಮ್ಮದು ಬೇರೆ ಮಾಡೆಲ್ ಇರಬಹುದು. ಸ್ಕ್ರೂಗಳ ಜಾಗ ಬದಲಾಗುತ್ತದೆ, ಕೆಲಸದ ಕ್ರಮ ಬದಲಾಗುವುದಿಲ್ಲ. ಆ ಕ್ರಮದ ಬಗ್ಗೆ ನನ್ನದು ಒಂದೇ ಹಟ: ಒಳಗೆ ಏನಾಗಿದೆ ಅಂತ ಕಣ್ಣಾರೆ ನೋಡುವ ತನಕ ಒಂದು ಬಿಡಿಭಾಗವನ್ನೂ ತರಬೇಡಿ. ನಮ್ಮ ಕಡೆ ಹಳೆಯ ಲ್ಯಾಪ್‌ಟಾಪ್‌ಗಳು ವಯಸ್ಸಾಗಿ ಸಾಯುವುದು ಕಡಿಮೆ. ಉಪ್ಪು, ತೇವ, ಧೂಳು ಸೇರಿ ಅವನ್ನು ಕೊಲ್ಲುತ್ತವೆ.

ಉಪ್ಪು ಒಳಗೆ ಏನು ಮಾಡುತ್ತದೆ

ಅಡುಗೆಮನೆಯ ಉಪ್ಪಿನ ಡಬ್ಬಿ ಜಡಿಮಳೆಯ ಆಟಿ ತಿಂಗಳಲ್ಲಿ ಹೇಗಿರುತ್ತದೆ ನೋಡಿ. ಮುಚ್ಚಳ ಸರಿಯಾಗಿ ಹಾಕದಿದ್ದರೆ ಉಪ್ಪು ನೀರು ಬಿಡುತ್ತದೆ, ಅಲ್ವಾ? ಗಾಳಿಯ ತೇವವನ್ನು ಎಳೆದುಕೊಳ್ಳುವುದು ಉಪ್ಪಿನ ಗುಣ. ಕಡಲ ಗಾಳಿಯ ಜೊತೆ ಬರುವ ಉಪ್ಪಿನ ಕಣ ಲ್ಯಾಪ್‌ಟಾಪ್ ಬೋರ್ಡ್ ಮೇಲೆ ಕೂತರೂ ಅದೇ ಕೆಲಸ ಮಾಡುತ್ತದೆ. ತೇವ ಎಳೆದುಕೊಂಡು, ಕಣ್ಣಿಗೆ ಕಾಣದಷ್ಟು ತೆಳ್ಳಗೆ ಉಪ್ಪುನೀರಿನ ಪದರ ಮಾಡುತ್ತದೆ. ಉಪ್ಪುನೀರಿನಲ್ಲಿ ಕರೆಂಟ್ ಹರಿಯುತ್ತದೆ. ಕರೆಂಟ್ ಹರಿದಲ್ಲಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ.

ಲ್ಯಾಪ್‌ಟಾಪ್ ಆಫ್ ಮಾಡಿಟ್ಟರೂ ಬ್ಯಾಟರಿ ಒಳಗಿದ್ದರೆ ಬೋರ್ಡಿನ ಕೆಲವು ಕಡೆ ಸ್ವಲ್ಪ ವೋಲ್ಟೇಜ್ ಇದ್ದೇ ಇರುತ್ತದೆ. ಹಾಗಾಗಿ ದಿನಾ ಬಳಸುವ ಲ್ಯಾಪ್‌ಟಾಪ್‌ಗಿಂತ ಕಪಾಟಿನಲ್ಲಿ ಬ್ಯಾಟರಿ ಸಮೇತ ಮಲಗಿಸಿಟ್ಟದ್ದು ಬೇಗ ಹಾಳಾಗುತ್ತದೆ. ದಿನಾ ಓಡುವುದು ತನ್ನ ಬಿಸಿಯಿಂದಲೇ ಒಣಗುತ್ತಿರುತ್ತದೆ. ಬೋಟಿನ ಸೆಟ್‌ಗಳಲ್ಲೂ ನಾನು ಕಂಡದ್ದು ಇದನ್ನೇ. ಮೀನುಗಾರಿಕೆಯ ದಿನಗಳಲ್ಲಿ ಚೆನ್ನಾಗಿ ಓಡಿದ ಜಿಪಿಎಸ್, ರಜೆ ಮುಗಿಸಿ ಆಗಸ್ಟ್‌ನಲ್ಲಿ ಆನ್ ಮಾಡುವಾಗ ಕೈ ಕೊಡುತ್ತದೆ.

ಬಿಚ್ಚುವ ಮೊದಲು

ಮೊದಲು ಒಳಗಿರುವ ಫೈಲ್‌ಗಳನ್ನು ಉಳಿಸಿಕೊಳ್ಳಿ. ಅದು ಸರಿಯಾಗಿ ಆನ್ ಆದ ಒಂದು ದಿನ ನೋಡಿ, ಲಿನಕ್ಸ್ ಮಿಂಟ್ (ವಿಂಡೋಸ್ ಹಾಗಿನ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿದ ಪೆನ್‌ಡ್ರೈವ್ ಚುಚ್ಚಿ, ಎಫ್12 ಒತ್ತಿ ಅದರಿಂದಲೇ ಬೂಟ್ ಮಾಡಿದೆ. ಅವಳ ಪ್ರಾಜೆಕ್ಟ್, ಫೋಟೋ, ಅಂಕಪಟ್ಟಿಯ ಸ್ಕ್ಯಾನ್ ಎಲ್ಲ ಬೇರೆ ಡಿಸ್ಕಿಗೆ ಕಾಪಿ ಆಯಿತು. ಹಾರ್ಡ್ ಡಿಸ್ಕ್‌ನ ಆರೋಗ್ಯ ತೋರಿಸುವ 'ಸ್ಮಾರ್ಟ್' ವರದಿಯನ್ನೂ ಅಲ್ಲೇ ನೋಡಿದೆ. ಓದಲು ಆಗದ ಸೆಕ್ಟರ್‌ಗಳು 40 ದಾಟಿದ್ದವು. ಅಂಥ ಡಿಸ್ಕನ್ನು ನಂಬಬಾರದು. ಆನ್ ಆಗಲು ಅಷ್ಟು ತಡವಾಗುತ್ತಿದ್ದದ್ದಕ್ಕೆ ಅರ್ಧ ಕಾರಣ ಅಲ್ಲೇ ಸಿಕ್ಕಿತು.

ಸಾಮಾನು ಜಾಸ್ತಿ ಬೇಡ. ಒಳ್ಳೆಯ ಪಿಎಚ್0 ಮತ್ತು ಪಿಎಚ್1 ಅಳತೆಯ ಸಣ್ಣ ಪ್ಲಸ್ ಸ್ಕ್ರೂಡ್ರೈವರ್, ಒಂದು ಹಳೆಯ ಗಿಟಾರ್ ಪಿಕ್ ಅಥವಾ ಎಟಿಎಂ ಕಾರ್ಡ್, ಮೆತ್ತಗಿನ ಪೇಂಟ್ ಬ್ರಷ್, ಟೂತ್ ಬ್ರಷ್, ನೂಲು ಬಿಡದ ಬಟ್ಟೆ, 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್. ಈ ಕೊನೆಯದರಲ್ಲಿ ಮಾತ್ರ ರಾಜಿ ಬೇಡ. ಕೈಗೆ ಹಚ್ಚುವ ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಇರುತ್ತದೆ, ಅದು ಬೋರ್ಡ್ ಮೇಲೆ ಅಂಟಾಗಿ ಉಳಿದು ಇನ್ನಷ್ಟು ಧೂಳು ಹಿಡಿಯುತ್ತದೆ. ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ 'ಐಪಿಎ' ಅಂತ ಕೇಳಿದರೆ ಕೊಡುತ್ತಾರೆ. ಅದು ಬೇಗ ಬೆಂಕಿ ಹಿಡಿಯುತ್ತದೆ. ಕಿಟಕಿ ತೆರೆದಿಡಿ, ದೇವರ ದೀಪದ ಹತ್ತಿರ ಕೂರಬೇಡಿ.

ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪ್‌ನ ತಳದ ಚಿತ್ರ ಬರೆದುಕೊಳ್ಳಿ. ಸ್ಕ್ರೂ ಬಿಚ್ಚಿದ ಹಾಗೆ ಚಿತ್ರದ ಅದೇ ಜಾಗದಲ್ಲಿ ಚುಚ್ಚುತ್ತಾ ಹೋಗಿ. ಉದ್ದದ ಸ್ಕ್ರೂವನ್ನು ಗಿಡ್ಡ ಸ್ಕ್ರೂ ಜಾಗದಲ್ಲಿ ಹಾಕಿ ತಿರುಗಿಸಿದರೆ ಅದು ಬೋರ್ಡಿಗೇ ತೂತು ಮಾಡಬಹುದು.

ಚಾರ್ಜರ್ ಕಿತ್ತು, ಬ್ಯಾಟರಿ ಹೊರಗೆ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿಯಲಿ. ಮಳೆಗಾಲದಲ್ಲಿ ಮೈಯಲ್ಲಿ ಸ್ಟ್ಯಾಟಿಕ್ ಕಡಿಮೆ, ಆದರೂ ಪಾಲಿಯೆಸ್ಟರ್ ಬಟ್ಟೆ ಹಾಕಿಕೊಂಡು ಪ್ಲಾಸ್ಟಿಕ್ ಚಾಪೆ ಮೇಲೆ ಕೂರಬೇಡಿ. ಬೋರ್ಡ್ ಮುಟ್ಟುವ ಮೊದಲು ಬಾಗಿಲ ಕಬ್ಬಿಣದ ಸರಳನ್ನೋ ಲ್ಯಾಪ್‌ಟಾಪ್‌ನ ಲೋಹದ ಚೌಕಟ್ಟನ್ನೋ ಒಮ್ಮೆ ಮುಟ್ಟಿ.

ತುಕ್ಕು ಹಿಡಿದ ಸ್ಕ್ರೂ

ಈ ಲ್ಯಾಪ್‌ಟಾಪ್‌ನ ದೊಡ್ಡ ಅನುಕೂಲ ಏನೆಂದರೆ ತಳದ ಮುಚ್ಚಳ ತೆಗೆದರೆ ರ‍್ಯಾಮ್, ಫ್ಯಾನ್, ವೈಫೈ ಕಾರ್ಡ್ ಎಲ್ಲ ಎದುರಿಗೇ ಕಾಣುತ್ತವೆ. ಆದರೆ ಎರಡು ಸ್ಕ್ರೂ ತುಕ್ಕು ಹಿಡಿದು ಕೂತಿದ್ದವು.

ಇಲ್ಲಿ ಅವಸರ ಮಾಡಬೇಡಿ. ಒಮ್ಮೆ ತಲೆ ಸವೆದರೆ ಒಂದು ನಿಮಿಷದ ಕೆಲಸಕ್ಕೆ ಅರ್ಧ ದಿನ ಹೋಗುತ್ತದೆ. ಸ್ಕ್ರೂ ತಲೆಯ ತುಕ್ಕನ್ನು ಸೂಜಿಯಿಂದ ಕೆರೆದು ತೆಗೆಯಿರಿ, ಬಿಟ್ ಪೂರ್ತಿ ಒಳಗೆ ಕೂರಬೇಕು. ಆಮೇಲೆ ಸೋಲ್ಡರಿಂಗ್ ಐರನ್‌ನ ತುದಿಯನ್ನು ಸ್ಕ್ರೂ ತಲೆಗೆ ಹತ್ತು ಹದಿನೈದು ಸೆಕೆಂಡ್ ಇಡಿ. ಪ್ಲಾಸ್ಟಿಕ್‌ಗೆ ತಾಗದ ಹಾಗೆ ನೋಡಿಕೊಳ್ಳಿ. ಬಿಸಿಗೆ ಲೋಹ ಹಿಗ್ಗಿ ತುಕ್ಕಿನ ಹಿಡಿತ ಸಡಿಲ ಆಗುತ್ತದೆ. ಫ್ಯಾಕ್ಟರಿಯಲ್ಲಿ ಹಚ್ಚಿದ ನೀಲಿ ಅಂಟೂ ಮೆತ್ತಗಾಗುತ್ತದೆ. ತಣಿಯುವ ಮೊದಲೇ ಸ್ಕ್ರೂಡ್ರೈವರನ್ನು ಬಲವಾಗಿ ಕೆಳಗೆ ಒತ್ತಿ ತಿರುಗಿಸಿ. ಶಕ್ತಿ ಒತ್ತುವುದಕ್ಕೆ ಮುಕ್ಕಾಲು, ತಿರುಗಿಸುವುದಕ್ಕೆ ಕಾಲು. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾತ್ರ ಹೊಡೆಯಬೇಡಿ. ಅದು ಹರಿದು ಎಲ್ಲಿಗೆ ಹೋಗುತ್ತದೆ ಅಂತ ನಮಗೆ ಕಾಣುವುದಿಲ್ಲ.

ಬೋರ್ಡ್ ಹೋಗಿರಲಿಲ್ಲ

ಮುಚ್ಚಳ ತೆಗೆದಾಗ ಮೊದಲು ಕಂಡದ್ದು ರ‍್ಯಾಮ್. ಕೆಲಸ ಮಾಡುವಾಗ ಪ್ರೊಸೆಸರ್ ಬಳಸುವ ಮೆಮೊರಿ ಅದು. ಇದರಲ್ಲಿ 4 ಜಿಬಿಯ ಒಂದೇ ಪಟ್ಟಿ. ಅದನ್ನು ತೆಗೆದು ಕೈದೀಪದ ಬೆಳಕಿಗೆ ಹಿಡಿದೆ. ಚಿನ್ನದ ಬಣ್ಣದ ಕಾಲುಗಳು ಮಂಕಾಗಿ, ಕೆಲವು ಕಡೆ ಕಪ್ಪು ಚುಕ್ಕೆ ಇಟ್ಟಿದ್ದವು. ಡಿಡಿಆರ್3 ಲ್ಯಾಪ್‌ಟಾಪ್ ರ‍್ಯಾಮ್‌ಗೆ 204 ಕಾಲುಗಳಿವೆ. ಬೇಕಾದ ಒಂದು ಕಾಲು ತಾಗದಿದ್ದರೂ ಸ್ಕ್ರೀನ್ ಕಪ್ಪಾಗಿಯೇ ಉಳಿಯಬಹುದು. ಗಾಳಿ ಒಣಗಿದ ದಿನ ಆನ್ ಆಗುವುದು, ಮಳೆ ಹಿಡಿದ ದಿನ ಆಗದಿರುವುದು ಯಾಕೆ ಅಂತ ಅಲ್ಲಿಗೆ ಗೊತ್ತಾಯಿತು.

ರ‍್ಯಾಮ್ ಕಾಲನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವುದು ತುಂಬ ಜನರ ರೂಢಿ. ಕೆಲಸ ಆಗುತ್ತದೆ, ನಿಜ. ಆದರೆ ಚಿನ್ನದ ಲೇಪ ಬಹಳ ತೆಳು. ಪದೇಪದೇ ಉಜ್ಜಿದರೆ ಲೇಪ ಹೋಗಿ ಕೆಳಗಿನ ಲೋಹಕ್ಕೆ ಇನ್ನೂ ಬೇಗ ಕಿಲುಬು ಹಿಡಿಯುತ್ತದೆ. ಹಾಗಾಗಿ ನಾನು ಮೊದಲು ಬಟ್ಟೆಗೆ ಐಪಿಎ ತಾಗಿಸಿ ಒರೆಸುತ್ತೇನೆ. ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ. ಅದಕ್ಕೂ ಹೋಗದ ಕಲೆ ಇದ್ದರೆ ಮಾತ್ರ ಬಿಳಿ ರಬ್ಬರ್‌ನಿಂದ ಒಮ್ಮೆ ಮೆಲ್ಲಗೆ, ಆಮೇಲೆ ಮತ್ತೆ ಐಪಿಎ. ಸ್ಲಾಟ್ ಒಳಗೆ ಟೂತ್ ಬ್ರಷ್‌ಗೆ ಐಪಿಎ ಹಾಕಿ ಉದ್ದಕ್ಕೆ ನಾಲ್ಕೈದು ಸಲ ಎಳೆಯಿರಿ.

ಬೋರ್ಡಿನ ಮೇಲೆ ಎಲ್ಲಿ ಬಿಳಿ ಪುಡಿ, ಎಲ್ಲಿ ಹಸಿರು ಕಲೆ ಅಂತ ಟಾರ್ಚ್ ಓರೆಯಾಗಿ ಹಿಡಿದು ಹುಡುಕಿ. ನೇರ ಬೆಳಕಿನಲ್ಲಿ ಕಾಣುವುದಿಲ್ಲ, ಓರೆ ಬೆಳಕಿನಲ್ಲಿ ಕಾಣುತ್ತದೆ. ಇದರಲ್ಲಿ ಯುಎಸ್‌ಬಿ ಪೋರ್ಟ್ ಹಿಂದೆ ಮತ್ತು ಫ್ಯಾನ್ ಗಾಳಿ ಎಳೆಯುವ ಬಾಯಿಯ ಸುತ್ತ ಸಿಕ್ಕಿತು. ಗಾಳಿ ಬರುವ ದಾರಿಯಲ್ಲೇ ಉಪ್ಪೂ ಬರುತ್ತದೆ. ಬ್ರಷ್ ಮತ್ತು ಐಪಿಎಯಿಂದ ತೊಳೆದು, ಟೇಬಲ್ ಫ್ಯಾನ್ ಎದುರು ಎರಡು ಗಂಟೆ ಒಣಗಲು ಬಿಟ್ಟೆ. ಹೇರ್ ಡ್ರೈಯರ್ ಬೇಡ. ಅಕ್ಕಿ ಡಬ್ಬಿಯೂ ಬೇಡ, ಅಕ್ಕಿಯ ಹುಡಿ ಪೋರ್ಟ್ ಒಳಗೆ ಹೋಗಿ ಗಂಜಿಯಾಗುತ್ತದೆ.

ಎಲ್ಲ ಒಣಗಿದ ಮೇಲೆ ಅದೇ ರ‍್ಯಾಮ್ ಹಾಕಿ ಆನ್ ಮಾಡಿದೆ. ಮೊದಲ ಸಲಕ್ಕೇ ಸ್ಕ್ರೀನ್ ಬಂತು. ಆಮೇಲೆ ಒಂದು ವಾರ, ಜಡಿಮಳೆಯ ದಿನವೂ, ಬೆಳಿಗ್ಗೆ ಸಂಜೆ ಆನ್ ಮಾಡಿ ನೋಡಿದೆ. ಒಮ್ಮೆಯೂ ತಪ್ಪಲಿಲ್ಲ. ಅಷ್ಟರ ತನಕ ಖರ್ಚಾದದ್ದು ಐಪಿಎ ಬಾಟಲಿಯ ದುಡ್ಡು ಮಾತ್ರ.

ತಡಮಾಡದೆ ಇನ್ನೊಂದು ಕೆಲಸವನ್ನೂ ಮಾಡಿ. ಬೋರ್ಡಿನ ಗಡಿಯಾರಕ್ಕೆ ವೈರ್ ಇರುವ ಪುಟ್ಟ ಬಟನ್ ಸೆಲ್ ಇರುತ್ತದೆ. ಅದು 3 ವೋಲ್ಟಿನದ್ದು. ಮಲ್ಟಿಮೀಟರ್‌ನಲ್ಲಿ 2.1 ತೋರಿಸಿತು. ಅದು ಸತ್ತರೆ ತಾರೀಖು ತಪ್ಪುತ್ತದೆ, ತಾರೀಖು ತಪ್ಪಿದರೆ ಬ್ರೌಸರ್‌ನಲ್ಲಿ ಅರ್ಧ ಸೈಟ್ ತೆರೆಯುವುದಿಲ್ಲ. ವೈರ್ ಸಮೇತ ಸಿಗುವ ಹೊಸದನ್ನೇ ತನ್ನಿ. ಸೆಲ್ ಮೇಲೆ ನೇರ ಸೋಲ್ಡರ್ ಮಾಡುವುದು ಅಪಾಯ.

ಫ್ಯಾನ್ ಮತ್ತು ಪೇಸ್ಟ್

ಫ್ಯಾನ್ ಹೊರಗಿನಿಂದ ಚೊಕ್ಕ ಕಾಣುತ್ತಿತ್ತು. ಬಿಚ್ಚಿದಾಗ ಫ್ಯಾನ್‌ಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಕಂಬಳಿ ತುಂಡಿನ ಹಾಗೆ ಧೂಳು ಕಟ್ಟಿತ್ತು. ಹೊರಗಿನಿಂದ ಬ್ಲೋವರ್ ಹಿಡಿದರೆ ಇದು ಹೋಗುವುದಿಲ್ಲ, ಇನ್ನೂ ಒಳಗೆ ಒತ್ತುತ್ತದೆ. ಬಿಚ್ಚಿ ಚಿಮಟದಿಂದ ಎಳೆದು ತೆಗೆಯಬೇಕು. ಬ್ಲೋವರ್ ಹಿಡಿಯುವುದಿದ್ದರೆ ಫ್ಯಾನ್ ತಿರುಗದ ಹಾಗೆ ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಜೋರಾಗಿ ತಿರುಗಿದರೆ ಅದರ ಬೇರಿಂಗ್ ಹಾಳಾಗುತ್ತದೆ.

ಪ್ರೊಸೆಸರ್‌ನ ಬಿಸಿ ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕ್‌ನ ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ಬಿಚ್ಚಬೇಡಿ. ಎದುರು-ಬದುರು ಸ್ವಲ್ಪ ಸ್ವಲ್ಪ ಸಡಿಲಿಸಿ. ಎತ್ತುವಾಗ ಅಂಟಿಕೊಂಡಿದ್ದರೆ ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಚಿ, ಕೀಳಬೇಡಿ. ಪ್ರೊಸೆಸರ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸಲು ನಡುವೆ ಹಚ್ಚಿದ ಹಳೆಯ ಪೇಸ್ಟ್ ಗೋಡೆಯ ಸುಣ್ಣದ ಹಾಗೆ ಒಣಗಿತ್ತು. ಐಪಿಎಯಲ್ಲಿ ನೆನೆಸಿ ಒರೆಸಿದರೆ ಹೋಗುತ್ತದೆ. ಚಾಕು, ಬ್ಲೇಡ್ ತಾಗಿಸಬೇಡಿ.

ಹೊಸ ಪೇಸ್ಟ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಲ್ಯಾಪ್‌ಟಾಪ್ ಪ್ರೊಸೆಸರ್‌ನ ಮೈ ಸಣ್ಣದು, ಮೇಲೆ ಲೋಹದ ಟೊಪ್ಪಿ ಇಲ್ಲ. ಒಂದು ಕುಚ್ಚಲಕ್ಕಿ ಕಾಳಿನಷ್ಟು ಸಾಕು. ಜಾಸ್ತಿ ಹಾಕಿದರೆ ತಂಪು ಜಾಸ್ತಿ ಆಗುವುದಿಲ್ಲ. ಎರಡು ಮೈಗಳ ನಡುವಿನ ಸಣ್ಣ ಸಣ್ಣ ಗುಂಡಿ ತುಂಬುವುದಷ್ಟೇ ಪೇಸ್ಟ್‌ನ ಕೆಲಸ. ಕರೆಂಟ್ ಹರಿಯದ ಜಾತಿಯ ಪೇಸ್ಟನ್ನೇ ತನ್ನಿ. ದ್ರವಲೋಹದ ಪೇಸ್ಟ್ ಮನೆಯಲ್ಲಿ ಮಾಡುವವರಿಗೆ ಬೇಡ. ಅದು ಚೆಲ್ಲಿದರೆ ಬೋರ್ಡ್ ಶಾರ್ಟ್, ಅಲ್ಯೂಮಿನಿಯಮ್‌ಗೆ ತಾಗಿದರೆ ಅಲ್ಯೂಮಿನಿಯಮ್ ತಿನ್ನುತ್ತದೆ.

ಹಳೆಯ ಪೇಸ್ಟ್‌ನಲ್ಲಿ ವಿಡಿಯೊ ಓಡಿಸಿ ಹತ್ತು ನಿಮಿಷಕ್ಕೆ 93 ಡಿಗ್ರಿ ಸೆಲ್ಸಿಯಸ್ ತೋರಿಸಿತ್ತು. ಆಮೇಲೆ ಅದೇ ವಿಡಿಯೊಗೆ 71. ತುಂಬಾ ಬಿಸಿಯಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತನ್ನ ವೇಗವನ್ನು ತಾನೇ ಇಳಿಸುತ್ತದೆ. ಹಾಗಾಗಿ ಫ್ಯಾನ್ ಚೊಕ್ಕ ಮಾಡುವುದೂ ವೇಗ ಹೆಚ್ಚಿಸುವ ಕೆಲಸವೇ.

ಈಗ ದುಡ್ಡು ಹಾಕುವ ಹೊತ್ತು

ಇಲ್ಲಿಗೆ ಬಂದ ಮೇಲೆ ಬೋರ್ಡ್ ಬದುಕಿದೆ ಅಂತ ಖಾತ್ರಿ. ಈಗ ಅಂಗಡಿಗೆ ಹೋಗಿ.

ಮೊದಲ ದುಡ್ಡು ಹಾರ್ಡ್ ಡಿಸ್ಕ್ ಜಾಗಕ್ಕೆ ಹಾಕುವ ಎಸ್‌ಎಸ್‌ಡಿಗೆ. ಎರಡನೆಯದು ರ‍್ಯಾಮ್‌ಗೆ. ಈ ಕ್ರಮವನ್ನು ತಿರುಗಿಸಬೇಡಿ. ಹಳೆಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5,400 ಸುತ್ತು ತಿರುಗುವಂಥದ್ದು. ಅಂದರೆ ಸೆಕೆಂಡಿಗೆ 90 ಸುತ್ತು, ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಫೈಲ್ ತಟ್ಟೆಯ ಆ ಬದಿಯಲ್ಲಿದ್ದರೆ ಅದು ತಿರುಗಿ ಬರುವ ತನಕ ಎಲ್ಲವೂ ಕಾಯಬೇಕು. ಆನ್ ಆಗುವಾಗ ಹೀಗೆ ಸಾವಿರಾರು ಸಣ್ಣ ಫೈಲ್ ಓದಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ, ಕಾಯುವುದೂ ಇಲ್ಲ.

ಕೇಳುವಾಗ ಸರಿಯಾಗಿ ಕೇಳಿ: "2.5 ಇಂಚಿನ ಸಾಟಾ ಎಸ್‌ಎಸ್‌ಡಿ". ಚೂಯಿಂಗ್ ಗಮ್ ಪಟ್ಟಿಯ ಹಾಗಿರುವ ಎಂ.2 ಇದರಲ್ಲಿ ಕೂರುವುದಿಲ್ಲ. ಸಾಟಾ ದಾರಿಯಲ್ಲಿ ಸೆಕೆಂಡಿಗೆ ಸುಮಾರು 550 ಎಂಬಿಗಿಂತ ಜಾಸ್ತಿ ಹೋಗುವುದಿಲ್ಲ, ಹಾಗಾಗಿ ದುಬಾರಿ ಎಸ್‌ಎಸ್‌ಡಿ ತಂದು ಲಾಭವಿಲ್ಲ. ಹೆಸರು ಕೇಳಿದ ಕಂಪನಿಯ 256 ಜಿಬಿ, ಬಿಲ್ ಮತ್ತು ವಾರಂಟಿ ಸಮೇತ ಇದ್ದರೆ ಸಾಕು. ಹಳೆಯ ಡಿಸ್ಕ್ ಸ್ಕ್ರೂ ಬಿಚ್ಚಿದರೆ ಬದಿಯಿಂದ ಜಾರಿ ಹೊರಗೆ ಬರುತ್ತದೆ. ಅದರ ಮುಂದಿನ ಪ್ಲಾಸ್ಟಿಕ್ ಮುಖವನ್ನು ಹೊಸದಕ್ಕೆ ಹಾಕಿ ಒಳಗೆ ತಳ್ಳಬೇಕು. ಎಸ್‌ಎಸ್‌ಡಿ 7 ಮಿ.ಮೀ. ದಪ್ಪ, ಹಳೆಯದು 9.5. ಆ ಎಡೆಗೆ ಪೆಟ್ಟಿಗೆಯಲ್ಲಿ ಬರುವ ಚೌಕಟ್ಟು ಅಂಟಿಸಿ. ಅದು ಇಲ್ಲದಿದ್ದರೆ ಗಟ್ಟಿ ರಟ್ಟು ಕತ್ತರಿಸಿ ಇಟ್ಟರೂ ಆಗುತ್ತದೆ.

ರ‍್ಯಾಮ್ ವಿಷಯದಲ್ಲಿ ಹಳೆಯ ಪಟ್ಟಿಯ ಚೀಟಿ ಓದಿ. ಪಿಸಿ3-12800 ಅಂತ ಇದ್ದರೆ ಡಿಡಿಆರ್3, 1600ರದ್ದು. ಪಿಸಿ3ಎಲ್ ಅಂತ ಇದ್ದರೆ 1.35 ವೋಲ್ಟಿನದ್ದು, ಇದರಲ್ಲಿ ಅದೂ ನಡೆಯುತ್ತದೆ. ಡಿಡಿಆರ್4 ಕೂರುವುದಿಲ್ಲ, ಅದರ ಕಚ್ಚಿನ ಜಾಗವೇ ಬೇರೆ. ನಾನು ಮಂಗಳೂರಿನ ಹಂಪನಕಟ್ಟೆಯಲ್ಲಿ ಹುಡುಕಿ ಸೆಕೆಂಡ್‌ಹ್ಯಾಂಡ್ 8 ಜಿಬಿ ಪಟ್ಟಿ ತಂದೆ. ಇದ್ದ 4ರ ಜೊತೆ ಸೇರಿ 12 ಜಿಬಿ. ಹಳೆಯ ರ‍್ಯಾಮ್ ತಂದರೆ ಅದೇ ರಾತ್ರಿ ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ ಮಲಗಿ. ಬೆಳಿಗ್ಗೆ ಒಂದು ಕೆಂಪು ಗೆರೆ ಕಂಡರೂ ವಾಪಸ್ ಕೊಡಿ.

ಸ್ಲಾಟ್‌ಗೆ ಹಾಕುವಾಗ ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿ. ಎರಡೂ ಬದಿಯ ಕೊಕ್ಕೆ ಟಕ್ ಅನ್ನಬೇಕು.

ಬಯೋಸ್‌ನಲ್ಲಿ ಒಂದು ಕೆಲಸ

ಬಯೋಸ್ ಅಂದರೆ ಲ್ಯಾಪ್‌ಟಾಪ್ ಆನ್ ಆಗುವಾಗ ಮೊದಲು ಓಡುವ, ಅದರ ಮೂಲ ಸೆಟ್ಟಿಂಗ್‌ಗಳಿರುವ ಪ್ರೋಗ್ರಾಮ್. ಆನ್ ಆಗುವಾಗ ಎಫ್2 ಒತ್ತಿ ಅದರ ಒಳಗೆ ಹೋಗಿ. ಈ ಸಾಲಿನ ಲ್ಯಾಟಿಟ್ಯೂಡ್‌ಗಳಲ್ಲಿ ಸಾಟಾ ಸೆಟ್ಟಿಂಗ್ (ಡಿಸ್ಕ್ ಜೊತೆ ಮಾತಾಡುವ ಬಗೆ) 'ರೇಡ್ ಆನ್' ಅಂತ ಇರುತ್ತದೆ. ಅದನ್ನು 'ಎಎಚ್‌ಸಿಐ' ಮಾಡಿ, ಆಮೇಲೆ ಲಿನಕ್ಸ್ ಹಾಕಿ. ಹಳೆಯ ವಿಂಡೋಸ್ ಒಳಗೇ ಇದ್ದಾಗ ಹೀಗೆ ಬದಲಾಯಿಸಿದರೆ ಅದು ಬೂಟ್ ಆಗದೆ ನಿಲ್ಲಬಹುದು. ಹೊಸ ಡಿಸ್ಕ್ ಹಾಕುವಾಗಲೇ ಮಾಡುವುದು ಒಳ್ಳೆಯದು.

ವಿಂಡೋಸ್ 10ಕ್ಕೆ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಇದು ಮೂರನೆಯದು. ಅವಳಿಗೆ ಬೇಕಾದದ್ದು ಸಿ, ಜಾವಾ, ಪೈಥಾನ್, ಮೈಎಸ್‌ಕ್ಯೂಎಲ್. ಎಲ್ಲವೂ ಲಿನಕ್ಸ್ ಮಿಂಟ್‌ನಲ್ಲಿ ಉಂಟು, ಕನ್ನಡ ಟೈಪಿಂಗ್ ಕೂಡ. ಪವರ್ ಬಟನ್‌ನಿಂದ ಡೆಸ್ಕ್‌ಟಾಪ್ ತನಕ ಈಗ 27 ಸೆಕೆಂಡ್.

ವೈಫೈ, ಚಾರ್ಜರ್, ಬ್ಯಾಟರಿ

ಇದ್ದ ವೈಫೈ ಕಾರ್ಡ್ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತಿತ್ತು. ಹಾಸ್ಟೆಲ್‌ನಲ್ಲಿ ಎಲ್ಲರ ಫೋನ್ ಅದೇ ದಾರಿಯಲ್ಲಿ ಕಿಕ್ಕಿರಿದಿರುತ್ತದೆ. ಇಂಟೆಲ್ 7260ರ ಅರ್ಧ ಉದ್ದದ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕಿದೆ, ಅದು 5 ಗಿಗಾಹರ್ಟ್ಸೂ ಹಿಡಿಯುತ್ತದೆ. ಆಂಟೆನಾ ವೈರ್‌ನ ತುದಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ವೈರ್ ಹಿಡಿದು ಎಳೆಯಬೇಡಿ, ತುದಿಯ ಲೋಹಕ್ಕೆ ಉಗುರು ಕೊಟ್ಟು ನೇರ ಮೇಲಕ್ಕೆ ಎತ್ತಿ. ನಿಮ್ಮದು ಇದೇ ಕಾಲದ ಲೆನೊವೊ ಥಿಂಕ್‌ಪ್ಯಾಡ್ ಆದರೆ ಕಾರ್ಡ್ ತರುವ ಮೊದಲು ನೋಡಿಕೊಳ್ಳಿ. ಅವುಗಳ ಬಯೋಸ್‌ನಲ್ಲಿ ಒಪ್ಪುವ ಕಾರ್ಡ್‌ಗಳ ಒಂದು ಪಟ್ಟಿ ಇರುತ್ತದೆ, ಅದರಲ್ಲಿಲ್ಲದ ಕಾರ್ಡ್ ಹಾಕಿದರೆ 1802 ಅಂತ ತೋರಿಸಿ ಅಲ್ಲೇ ನಿಲ್ಲುತ್ತದೆ.

ಚಾರ್ಜರ್ ವಿಷಯದಲ್ಲಿ ನನ್ನ ಎರಡು ದಿನ ಹೋಯಿತು. ಹಳೆಯ ಚಾರ್ಜರ್‌ನ ವೈರ್ ಹರಿದಿತ್ತು. ಒಂದು ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಒಂದು ತಂದೆ. ಚುಚ್ಚಿದರೆ ಲ್ಯಾಪ್‌ಟಾಪ್ ಓಡುತ್ತದೆ, ಆದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಎಲ್ಲವೂ ಆಮೆ ನಡಿಗೆ. ಪೇಸ್ಟ್ ಸರಿ ಕೂರಲಿಲ್ಲವೋ ಅಂತ ಮತ್ತೆ ಬಿಚ್ಚಿದೆ. ರ‍್ಯಾಮ್ ಬದಲಾಯಿಸಿದೆ. ಮಾರನೇ ದಿನ ಆನ್ ಆಗುವಾಗ ಸ್ಕ್ರೀನ್ ಮೇಲೆ ಒಂದು ಸಾಲು ಬಂದದ್ದನ್ನು ಸರಿಯಾಗಿ ಓದಿದೆ: ಅಡಾಪ್ಟರ್ ಯಾವುದೆಂದು ಗೊತ್ತಾಗುತ್ತಿಲ್ಲ ಅಂತ.

ಡೆಲ್‌ನ ಈ ದಪ್ಪ ಪಿನ್ ಚಾರ್ಜರ್‌ನಲ್ಲಿ ಮೂರು ದಾರಿಗಳಿವೆ. ಹೊರಗಿನ ಕೊಳವೆ ನೆಗೆಟಿವ್, ಒಳಗಿನ ಕೊಳವೆಯಲ್ಲಿ 19.5 ವೋಲ್ಟ್, ನಡುವೆ ಸೂಜಿಯಂಥ ಒಂದು ಪಿನ್. ಆ ಸೂಜಿಯ ಮೂಲಕ ಚಾರ್ಜರ್ ಒಳಗಿನ ಪುಟ್ಟ ಚಿಪ್ "ನಾನು 65 ವ್ಯಾಟ್" ಅಥವಾ "90 ವ್ಯಾಟ್" ಅಂತ ಲ್ಯಾಪ್‌ಟಾಪ್‌ಗೆ ಹೇಳುತ್ತದೆ. ಚಿಪ್ ಇಲ್ಲದಿದ್ದರೆ, ಅಥವಾ ಸೂಜಿ ಮುರಿದಿದ್ದರೆ, ಲ್ಯಾಪ್‌ಟಾಪ್ ಆ ಚಾರ್ಜರನ್ನು ನಂಬುವುದಿಲ್ಲ. ಬ್ಯಾಟರಿ ಚಾರ್ಜ್ ನಿಲ್ಲಿಸಿ, ಪ್ರೊಸೆಸರ್ ವೇಗವನ್ನೂ ಇಳಿಸಿ ಓಡುತ್ತದೆ. ನಾನು ತಂದ ಚಾರ್ಜರ್‌ನಲ್ಲಿ ಸೂಜಿ ಇತ್ತು, ಹಿಂದೆ ಚಿಪ್ ಇರಲಿಲ್ಲ. ಅಸಲಿ ಸೆಕೆಂಡ್‌ಹ್ಯಾಂಡ್ 90 ವ್ಯಾಟಿನದ್ದು ತಂದ ದಿನವೇ ಎಲ್ಲ ಸರಿಯಾಯಿತು. ನಿಮ್ಮ ಲ್ಯಾಪ್‌ಟಾಪ್ ಕಾರಣವಿಲ್ಲದೆ ನಿಧಾನ ಆದರೆ ಮೊದಲು ಚಾರ್ಜರ್ ಕಡೆ ನೋಡಿ. ಬ್ಯಾಟರಿ ಐಕಾನ್ "ಚಾರ್ಜ್ ಆಗುತ್ತಿಲ್ಲ" ಅಂತ ತೋರಿಸಿದರೆ ಅದೇ ಸುಳಿವು.

ಬ್ಯಾಟರಿ ಹೊಸದೇ ತಂದೆ. ನಾನು ದಿನಾ ಸೋಲ್ಡರಿಂಗ್ ಮಾಡುವವನು, ಆದರೂ ಪ್ಯಾಕ್ ಒಡೆದು ಸೆಲ್ ಬದಲಾಯಿಸಲು ಹೋಗುವುದಿಲ್ಲ. ಲಿಥಿಯಮ್ ಸೆಲ್‌ಗೆ ಬಿಸಿ ತಾಗಿದರೆ ಬೆಂಕಿ. ಸೆಲ್ ಬಿಚ್ಚಿದ ಕೂಡಲೇ ಒಳಗಿನ ಕಂಟ್ರೋಲ್ ಚಿಪ್ ಲಾಕ್ ಆಗುವ ಪ್ಯಾಕ್‌ಗಳೂ ಉಂಟು. ಉಬ್ಬಿದ ಬ್ಯಾಟರಿ ಕಂಡರೆ ಒತ್ತಬೇಡಿ, ಚುಚ್ಚಬೇಡಿ, ಮನೆಯ ಕಸಕ್ಕೆ ಹಾಕಬೇಡಿ. ಇ-ವೇಸ್ಟ್ ತಗೊಳ್ಳುವವರಿಗೆ ಕೊಡಿ.

ಪ್ರೊಸೆಸರ್ ಬದಲಾಯಿಸಲಿಲ್ಲ. ಇದರಲ್ಲಿ ಸಾಕೆಟ್ ಇರುವುದರಿಂದ ಬದಲಾಯಿಸಬಹುದು. ಈಗಿರುವ ಐ5-3320ಎಂ 35 ವ್ಯಾಟಿನದ್ದು. ನಾಲ್ಕು ಕೋರ್‌ನ ಐ7ಗಳಲ್ಲಿ ಹೆಚ್ಚಿನವು 45 ವ್ಯಾಟ್. ಮೇ ತಿಂಗಳ ಸೆಕೆಯಲ್ಲಿ ಆ ಹೆಚ್ಚುವರಿ ಬಿಸಿಯನ್ನು ಈ ಸಣ್ಣ ಫ್ಯಾನ್ ಹೊರಗೆ ಹಾಕಬೇಕು. ಬಿಸಿಎ ಹುಡುಗಿಗೆ ಅದರ ಅಗತ್ಯ ಇಲ್ಲ ಅನಿಸಿತು. ಡಿವಿಡಿ ಡ್ರೈವ್ ಜಾಗಕ್ಕೆ ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಿ ಇನ್ನೊಂದು ಡಿಸ್ಕ್ ಇಡಬಹುದು. ತರುವ ಮೊದಲು ಡ್ರೈವ್‌ನ ದಪ್ಪ 9.5 ಮಿ.ಮೀ. ಇದೆಯೋ 12.7 ಇದೆಯೋ ಅಳೆಯಿರಿ.

ಬೋಟಿನ ಬೋರ್ಡ್‌ಗಳಿಗೆ ನಾನು ನೀರು ತಡೆಯುವ ವಾರ್ನಿಷ್ ಹೊಡೆಯುತ್ತೇನೆ. ಲ್ಯಾಪ್‌ಟಾಪ್‌ಗೂ ಹೊಡೆಯಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಬೇಡ. ಸ್ಲಾಟ್, ಪೋರ್ಟ್ ಒಳಗೆ ಒಂದು ಹನಿ ಹೋದರೂ ಸಂಪರ್ಕ ಸಾಯುತ್ತದೆ. ಒಳಗೆ ಉಪ್ಪು ಉಳಿದಿದ್ದರೆ ಅದರ ಮೇಲೇ ಮುಚ್ಚಿದ ಹಾಗೆ ಆಗುತ್ತದೆ.

ಮುಂದಿನ ಮಳೆಗಾಲಕ್ಕೆ

ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ರಿಪೇರಿ ಮಾಡಿದ ಮೇಲೆ ಇಡುವ ಜಾಗವೂ ಮುಖ್ಯ. ಅವಳಿಗೆ ಬಿಗಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದೇನೆ. ಒಳಗೆ ಅರ್ಧ ಕಿಲೋ ಸಿಲಿಕಾ ಜೆಲ್, ಹತ್ತಿ ಬಟ್ಟೆಯ ಚೀಲದಲ್ಲಿ ಕಟ್ಟಿ. ಬಣ್ಣ ಬದಲಾಗುವ ಜಾತಿಯದ್ದು, ಕೇಸರಿಯಿಂದ ಹಸಿರಾದರೆ ತೇವ ತುಂಬಿದೆ ಅಂತ ಅರ್ಥ. ನೀಲಿಯಿಂದ ಗುಲಾಬಿಯಾಗುವುದೂ ಸಿಗುತ್ತದೆ. ಅದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ತೇವ ತುಂಬಿದ ಜೆಲ್ಲನ್ನು ಸಣ್ಣ ಉರಿಯಲ್ಲಿ, ಸುಮಾರು 110 ಡಿಗ್ರಿಯಲ್ಲಿ ಹುರಿದರೆ ಮತ್ತೆ ಬಳಸಬಹುದು. ಅದಕ್ಕೊಂದು ಬೇರೆ ಬಾಣಲೆ ಇಡಿ, ಅಡುಗೆಯದ್ದು ಮುಟ್ಟಬೇಡಿ.

ದಿನಾ ಒಂದು ಗಂಟೆಯಾದರೂ ಆನ್ ಮಾಡಿ. ಬಿಸಿ ಆರಿದ ಮೇಲೆ ಡಬ್ಬಿಗೆ ಹಾಕಿ. ಹದಿನೈದು ದಿನಕ್ಕಿಂತ ಜಾಸ್ತಿ ಬಳಸುವುದಿಲ್ಲ ಅಂತಾದರೆ ಬ್ಯಾಟರಿಯನ್ನು ಅರ್ಧ ಚಾರ್ಜ್‌ನಲ್ಲಿ ಹೊರಗೆ ತೆಗೆದಿಡಿ. ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.

ಮೊನ್ನೆ ಅವಳು ಫೋನ್ ಮಾಡಿದ್ದಳು. "ಮಾವ, ಜೆಲ್ ಹಸಿರಾಗಿದೆ." ಹುರಿಯಲಿಕ್ಕೆ ಹೇಳಿದೆ.